ಏಳನೇ ತಿಂಗಳು, ಮೂರನೇ ಮಹಡಿ

ಕಿಟಕಿಯಿಂದ ಐದೇ ಮೀಟರು.
ಪೊರಕೆ ಚಾಚಿದರೆ ಓಡುವ ಕಾರಿನ ಬೆನ್ನು ಗುಡಿಸಬಹುದು.
ಸಾವೊ ಪಾವ್ಲೊದ ಜನ ಈ ಮೇಲುಸೇತುವೆಗೆ
ದೊಡ್ಡ ಎರೆಹುಳು ಎಂದು ಹೆಸರಿಟ್ಟಿದ್ದಾರೆ.
ಎರೆಹುಳು ಎಲ್ಲಾದರೂ ಹೀಗೆ ಕಿರುಚುವುದುಂಟೇ?
ಪಾಪ, ಅದು ಮಣ್ಣು ತಿಂದು ಸುಮ್ಮನಿರುವ ಪ್ರಾಣಿ.

ಬಸುರಿಗೆ ಬಯಕೆ ಏನೆಂದು ಎಲ್ಲರೂ ಕೇಳುತ್ತಾರೆ.
ನಾದಿನಿ ಉಪ್ಪು ಹಚ್ಚಿದ ಹಸಿ ಮಾವು ತಂದಳು,
ಬೇಕರಿಯವನು ಸೀಬೆಹಣ್ಣಿನ ಮಿಠಾಯಿ ಕಟ್ಟಿಕೊಟ್ಟ,
ದುಡ್ಡು ಬೇಡವೆಂದ.
ತಿಂದೆ. ಸುಳ್ಳೇಕೆ, ಎರಡೂ ರುಚಿಯಾಗಿದ್ದವು.
ಆದರೆ ನನಗೆ ಬೇಕಾದದ್ದು
ಒಂದು ತುತ್ತು, ಒಂದೇ ತುತ್ತು ನಿಶ್ಶಬ್ದ.

ಮಾಡದ ಉಪಾಯವಿಲ್ಲ.
ಮೊಟ್ಟೆಯ ರಟ್ಟುಗಳನ್ನು ಗೋಡೆಗೆ ಅಂಟಿಸಿದೆವು;
ಈಗ ಮಲಗುವ ಕೋಣೆ ಕೋಳಿಯಂಗಡಿಯ ಹಿತ್ತಿಲಂತಿದೆ.
ಬೀರುವನ್ನು ಕಿಟಕಿಗೆ ಅಡ್ಡ ತಳ್ಳಿದ ಎವಾಲ್ದು.
ಗಾಳಿ ನಿಂತಿತು, ಗದ್ದಲ ನಿಲ್ಲಲಿಲ್ಲ.
ಕಿವಿಗೆ ಮೇಣ ತುಂಬಿಕೊಂಡೆ. ಆಗ
ಸದ್ದು ಪಾದದಿಂದ ಹತ್ತಿತು:
ನೆಲದ ಹಾಸು, ಮಂಚದ ಕಾಲು,
ಮೊಳೆಗೆ ತೂಗುಹಾಕಿದ ಬಾಣಲೆ,
ನನ್ನ ಬೆನ್ನುಹುರಿ,
ಅಲ್ಲಿಂದ ಅವಳ ಪುಟ್ಟ ಕೊಳಕ್ಕೆ.
(ಅವಳು ಎಂದೆನೆ? ಗೊತ್ತಿಲ್ಲ. ಬಾಯಿಗೆ ಹಾಗೆ ಬಂತು.)

ಕೂಸಿಗೆ ಈಗ ಕಿವಿ ಕೇಳುತ್ತದೆ ಎಂದಿದ್ದಳು ಆಸ್ಪತ್ರೆಯ ದಾದಿ,
ಹಬ್ಬದ ಸುದ್ದಿ ಹೇಳುವವಳಂತೆ.
ಅಂದಿನ ರಾತ್ರಿಯಿಂದಲೇ
ನನ್ನ ನಿದ್ದೆ ಬಿಟ್ಟುಹೋದದ್ದು.
ಮೊದಲು ಕಲಿಯುವ ಮಾತು ಹಾರನ್ನೇ?
ನಾನು ಜೋಗುಳ ಹಾಡಿದರೆ ಅದಕ್ಕೆ
ಲಾರಿಯ ಏದುಸಿರೂ ಸೇರಿ ಕೇಳುವುದೆ?

ಎಲ್ಲಕ್ಕಿಂತ ಕೆಟ್ಟವು ಬೈಕುಗಳು.
ಸೇತುವೆಯಡಿಯ ರಸ್ತೆಯಲ್ಲಿ, ಕಾರುಗಳ ಸಂದಿಯಲ್ಲಿ,
ಪೀಂ ಪೀಂ ಪೀಂ ಎಂದು ಬೆರಳೆತ್ತದೆ ಒತ್ತುತ್ತ
ಯಾರದೋ ಪಿಜ್ಜಾ ಆರದಿರಲೆಂದು
ಪ್ರಾಣ ಕಾಯಿಸಿಕೊಂಡು ಓಡುವವರು.
ನಿಮ್ಮ ಟೈರು ಹಾಳಾಗ, ನಿಮ್ಮ ಹಾರನ್ನಿಗೆ ಗೆದ್ದಲು ಹತ್ತ
ಎಂದು ಪ್ರತಿ ಸಂಜೆ ಕಿಟಕಿಯಿಂದ ಶಪಿಸುತ್ತೇನೆ.
ಆಮೇಲೆ ಒಂದು ಶಾಪವನ್ನು, ಒಂದನ್ನು ಮಾತ್ರ,
ಹಿಂದಕ್ಕೆ ಎಳೆದುಕೊಳ್ಳುತ್ತೇನೆ:
ಎವಾಲ್ದುವಿನ ಬೈಕೂ ಅಲ್ಲೇ ಎಲ್ಲೋ,
ಅವನ ಬೆನ್ನಿಗೆ ಕೆಂಪು ಪೆಟ್ಟಿಗೆ ಹೊರಿಸಿ
ತೊಟ್ಟಿಲ ಕಂತು ತೀರಿಸುತ್ತ ಓಡುತ್ತಿರುತ್ತದೆ.

ನಾಲ್ಕನೇ ಮಹಡಿಯ ದೋನ ಜುಲೇಯ್ಕ
ಈ ಸೇತುವೆಗಿಂತ ಹಳಬಳು.
“ಇದನ್ನು ಕಟ್ಟುವಾಗ ನಾನೂ ತುಂಬಿದ ಬಸುರಿ.
ಹಗಲಿರುಳು ಕಬ್ಬಿಣ ಕುಟ್ಟಿದರು ಮಹಾರಾಯರು.
ಹುಟ್ಟಿದ ನೆಯೂಜ ಕಿವುಡಿಯಾಗಲಿಲ್ಲ, ಹುಚ್ಚಿಯಾಗಲಿಲ್ಲ,
ಸಿಟಿ ಬಸ್ಸು ಓಡಿಸಿ ನಿವೃತ್ತಳಾದಳು.
ಭಾನುವಾರ ಮಾತ್ರ ಅವಳಿಗೆ ನಿದ್ದೆ ಬಾರದು.”
ಇದು ಸಮಾಧಾನವೋ ಎಚ್ಚರಿಕೆಯೋ
ಎಂದು ಕೇಳುವಷ್ಟರಲ್ಲಿ
ಅವಳ ಕುಕ್ಕರು ಕೂಗಿತು.

ರಾತ್ರಿ ಎಂಟಕ್ಕೆ ಸೇತುವೆಯ ಬಾಯಿ ಮುಚ್ಚುತ್ತಾರೆ.
ಕಾರುಗಳಿದ್ದ ಜಾಗಕ್ಕೆ ನಾಯಿಗಳು ಬರುತ್ತವೆ,
ಸೈಕಲ್ಲು ಕಲಿಯುವ ಮಕ್ಕಳು,
ಕೈ ಕೈ ಹಿಡಿದ ಜೋಡಿಗಳು.
ಬೀರುವಿನ ಸಂದಿಯಿಂದ ಒಳಗಿಳಿಯುತ್ತದೆ
ನಾನು ಬಯಸಿದ ತುತ್ತು.
ಬಾಯಿಗಿಡಬೇಕು, ಅಷ್ಟರಲ್ಲಿ
ಒಳಗಿನವಳು ಎದ್ದು ಒದೆಯುತ್ತಾಳೆ,
ಯಾಕೆ ನಿಂತಿತು, ಯಾರು ನಿಲ್ಲಿಸಿದರು ಎಂಬಂತೆ.

ನಾನೂ ಮಲಗುವುದಿಲ್ಲ.
ಕಿವಿಯ ಮೇಣ ತೆಗೆದು, ಬೆರಳಲ್ಲಿ ಹೊಸೆಯುತ್ತ
ಕೆಳಗಿನ ರಸ್ತೆಗೆ ಕಿವಿಗೊಟ್ಟು ಕೂರುತ್ತೇನೆ.
ಹತ್ತೂವರೆ.
ಹನ್ನೊಂದೂ ಕಾಲು.
ಹೋಗುವ ಬರುವ ಬೈಕುಗಳ ನಡುವೆ
ಸೈಲೆನ್ಸರು ಸಡಿಲಾದ ಒಂದು
ತಿರುವಿನಲ್ಲಿ ಎರಡು ಸಲ ಕೆಮ್ಮಿ,
ಒಂದೇ ಸಲ, ಮೆಲ್ಲಗೆ,
ಪೀಂ ಎನ್ನುತ್ತದೆ.

ಅವಳಿಗೆ ಕೇಳಿಸಿತೋ ಇಲ್ಲವೋ.
ಆ ಸೈಲೆನ್ಸರು ನಾಳೆಯೇ ರಿಪೇರಿ ಮಾಡಿಸು,
ಬೀದಿಯವರೆಲ್ಲ ಬೈಯುತ್ತಾರೆ
ಎಂದು ಹೇಳಬೇಕೆಂದಿದ್ದೆ.
ಮೆಟ್ಟಿಲ ಮೇಲೆ ಹೆಜ್ಜೆ.
ಹೇಳಲಿಲ್ಲ.
ಎದ್ದು, ಬಾಣಲೆಯನ್ನು ಮೊಳೆಯಿಂದಿಳಿಸಿ
ಅನ್ನ ಬಿಸಿಗಿಟ್ಟೆ.